ತಂದೆಯಾಗಲಿರುವ ಕಾರ್ಮಿಕನಿಗೆ



ಊರಿನಿಂದ ಹೆಂಡತಿ ಬಸುರಿ ಎಂಬ ಸುದ್ದಿ ಬಂದ ದಿನ ಹೊಟೇಲಿನಲ್ಲಿ ಏನು ನಡೆಯುತ್ತದೆ ಎಂಬುದು ನಮಗೆಲ್ಲ ಗೊತ್ತಿದ್ದದ್ದೇ. ಜೊತೆಯವರು ಬೆನ್ನು ತಟ್ಟುತ್ತಾರೆ, ಅಡಿಗೆಯ ಭಟ್ಟರು ಒಂದು ಹಿಡಿ ಶೀರಾ ಹೆಚ್ಚಾಗಿಯೇ ಬಡಿಸುತ್ತಾರೆ, ಗಲ್ಲಾದಲ್ಲಿ ಕುಳಿತ ಧನಿಗಳೂ "ಇನ್ನು ನಿನಗೆ ಜವಾಬ್ದಾರಿ ಬಂತು ಮಾರಾಯ" ಎಂದು ನಗುತ್ತಾರೆ. ಆ ಮಾತು ಅಲ್ಲಿಗೆ ಮುಗಿಯಿತು. ಮರುದಿನ ಬೆಳಗಿನ ಐದು ಗಂಟೆಗೆ ಆ ಹುಡುಗ ಮೇಜು ಒರೆಸುತ್ತಿರುತ್ತಾನೆ. ಮುಂದೆ ಏಳೆಂಟು ತಿಂಗಳು ಕಳೆದು, ಮಧ್ಯಾಹ್ನದ ಊಟದ ಗಿರಾಕಿ ತುಂಬಿರುವ ಹೊತ್ತಿಗೆ, ಮಗು ಹುಟ್ಟಿತೆಂದು ಮೊಬೈಲಿನಲ್ಲಿ ಸುದ್ದಿ ಬರುತ್ತದೆ. ರಜೆ ಕೇಳಿದರೆ "ಈಗ ಜನ ಇಲ್ಲ, ಮುಂದಿನ ತಿಂಗಳು ನೋಡುವ" ಎಂಬ ಉತ್ತರ. ಮಗುವಿನ ಮುಖವನ್ನು ಮೂರನೆಯ ತಿಂಗಳಲ್ಲೋ ಐದನೆಯ ತಿಂಗಳಲ್ಲೋ ಕಂಡವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ?

ಇದನ್ನು ನಾವು ಹಣೆಬರಹವೆಂದು ಒಪ್ಪಿಕೊಂಡುಬಿಟ್ಟಿದ್ದೇವೆ. ಹೆರಿಗೆ ಎಂದರೆ ಹೆಂಗಸರ ಕೆಲಸ, ತವರಿನವರ ಕೆಲಸ, ಗಂಡಸು ಹಣ ಕಳುಹಿಸಿದರೆ ಆಯಿತು ಎಂಬ ಮಾತು ಬೇರೆ. ಕರಾವಳಿಯಲ್ಲಿ ಅಳಿಯಸಂತಾನ ನಡೆಯುತ್ತಿದ್ದ ಕುಟುಂಬಗಳಲ್ಲಿ ಮಗು ತಾಯಿಯ ಮನೆಯದಾಗಿತ್ತು, ಸೋದರಮಾವ ಯಜಮಾನನಾಗಿದ್ದ. ಆ ಕಾಲಕ್ಕೆ ಆ ಮಾತು ಒಪ್ಪುತ್ತಿತ್ತೇನೋ. ಈಗ ಆ ಕಟ್ಟು ಉಳಿದಿಲ್ಲ, ತವರಿನಲ್ಲಿ ಮುದುಕಿ ತಾಯಿ ಒಬ್ಬಳೇ ಇರುತ್ತಾಳೆ, ಸೋದರಮಾವನೂ ನಮ್ಮ ಹಾಗೆಯೇ ಮುಂಬಯಿಯಲ್ಲೋ ಪುಣೆಯಲ್ಲೋ ಪ್ಲೇಟು ಎತ್ತುತ್ತಿರುತ್ತಾನೆ. ಹೀಗಿರುವಾಗ ರಾತ್ರಿ ಎರಡು ಗಂಟೆಗೆ ನೋವು ಬಂದರೆ ಆಸ್ಪತ್ರೆಗೆ ಕರೆದೊಯ್ಯುವವರು ಯಾರು, ರಕ್ತ ಬೇಕಾದರೆ ಓಡುವವರು ಯಾರು ಎಂಬುದನ್ನು ಮೊದಲೇ ಯೋಚಿಸಿ ಇಡಬೇಕಾದವನು ಅಪ್ಪನಲ್ಲದೆ ಮತ್ತ್ಯಾರು?

ಮೊದಲು ರಜೆಯ ಮಾತು ಮುಗಿಸೋಣ. ಅದೇ ದೊಡ್ಡ ಮಾತು.

ಈ ನಗರಕ್ಕೆ ಈ ವಿಷಯದಲ್ಲಿ ಒಂದು ಚರಿತ್ರೆ ಇದೆ. ಗಿರಣಿಗಳ ಹೆಂಗಸರು ಹೆರಿಗೆಯ ಹಿಂದಿನ ದಿನದವರೆಗೂ ದುಡಿಯುತ್ತಿದ್ದ ಕಾಲವಿತ್ತು. ಅವರ ಹೆರಿಗೆಗೆಂದೇ 1926ರಲ್ಲಿ ಪರೇಲಿನಲ್ಲಿ ನೌರೋಜಿ ವಾಡಿಯಾ ಹೆರಿಗೆ ಆಸ್ಪತ್ರೆ ಆರಂಭವಾಯಿತು. ಹೆರಿಗೆಯ ಸಮಯದಲ್ಲಿ ಹೆಣ್ಣು ಕಾರ್ಮಿಕಳಿಗೆ ವಿಶ್ರಾಂತಿಯೂ ಹಣವೂ ಸಿಗಬೇಕೆಂಬ ಮಸೂದೆ ಮುಂಬಯಿ ಶಾಸನ ಸಭೆಗೆ ಬಂದಾಗ, 1928ರಲ್ಲಿ ಡಾ. ಅಂಬೇಡ್ಕರ್ ಅವರು ಎದ್ದು ನಿಂತು ಅದನ್ನು ಬೆಂಬಲಿಸಿದರು. 1929ರಲ್ಲಿ ಅದು ಕಾನೂನಾಯಿತು, ಇಡೀ ದೇಶಕ್ಕೇ ಮೊದಲನೆಯದು. ಸ್ವಾತಂತ್ರ್ಯ ಬಂದ ಮೇಲೆ 1961ರಲ್ಲಿ ದೇಶಕ್ಕೆಲ್ಲ ಒಂದು ಕಾನೂನು ಬಂತು. 2017ರ ತಿದ್ದುಪಡಿಯಿಂದ ಮೊದಲ ಎರಡು ಹೆರಿಗೆಗಳಿಗೆ 26 ವಾರಗಳ ಸಂಬಳದ ರಜೆ ದೊರೆಯಿತು. ತಾಯಂದಿರಿಗೆ ಸಂದ ಈ ನ್ಯಾಯ ಸುಮ್ಮನೆ ಸಿಕ್ಕಿದ್ದಲ್ಲ, ಕೇಳಿ ಕೇಳಿ ಪಡೆದದ್ದು.

ತಂದೆಯ ಹೆಸರು ಮಾತ್ರ ಈ ಯಾವ ಕಾನೂನಿನಲ್ಲೂ ಇಲ್ಲ. ಕೇಂದ್ರ ಸರಕಾರದ ನೌಕರನಿಗೆ ಹೆಂಡತಿಯ ಹೆರಿಗೆಗೆ 15 ದಿನಗಳ ಸಂಬಳದ ರಜೆ ಇದೆ, ಮಗು ಹುಟ್ಟಿ ಆರು ತಿಂಗಳೊಳಗೆ ಅದನ್ನು ತೆಗೆದುಕೊಳ್ಳಬಹುದು. ಕಚೇರಿಯಲ್ಲಿ ಕಡತ ಎತ್ತಿಡುವವನ ಮಗು ಮಗು, ಹೊಟೇಲಿನಲ್ಲಿ ಕಪ್ಪುಬಸಿ ಎತ್ತಿಡುವವನ ಮಗು ಮಗುವಲ್ಲವೇ? 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಖಾಸಗಿ ಕೆಲಸಗಾರ ತಂದೆಗೆ ಒಂದು ದಿನವನ್ನೂ ಬರೆದಿಲ್ಲ. ಇದನ್ನು ದೊಡ್ಡ ಕಾರ್ಮಿಕ ಸಂಘಟನೆಗಳು ಡೆಲ್ಲಿಯಲ್ಲಿ ಕೇಳಬೇಕು, ನಾವೂ ದನಿ ಕೂಡಿಸಬೇಕು. ಆದರೆ ಅದು ಬರುವವರೆಗೆ ಈ ವರ್ಷ ಹುಟ್ಟುವ ಮಕ್ಕಳು ಕಾಯುವುದಿಲ್ಲವಲ್ಲ.

ಆದುದರಿಂದ ಕೈಯಲ್ಲಿರುವ ಕಾನೂನನ್ನೇ ಬಿಡಿಸಿ ನೋಡಬೇಕು. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾನೂನು ಹೊಟೇಲುಗಳಿಗೂ ಅನ್ವಯಿಸುತ್ತದೆ. ಅದರ ವ್ಯಾಪ್ತಿಗೆ ಬರುವ ಹೊಟೇಲಿನ ಕೆಲಸಗಾರನಿಗೆ ವಾರದ ರಜೆಯ ಹೊರತಾಗಿ ವರ್ಷಕ್ಕೆ 8 ದಿನ ಸಾಂದರ್ಭಿಕ ರಜೆ ಇದೆ. ವರ್ಷದಲ್ಲಿ 240 ದಿನ ದುಡಿದವನಿಗೆ ಪ್ರತಿ 20 ದಿನದ ದುಡಿಮೆಗೆ ಒಂದು ದಿನದಂತೆ ಸಂಬಳದ ರಜೆ ಬೇರೆ. 300 ದಿನ ದುಡಿದವನಿಗೆ 15 ದಿನವಾಯಿತು. ಅದನ್ನು ಬಳಸದೆ ಇದ್ದರೆ 45 ದಿನಗಳವರೆಗೆ ಕೂಡಿಡಬಹುದು. ಕಾರ್ಖಾನೆ, ಗಿರಣಿಗಳಲ್ಲಿ ದುಡಿಯುವ ಬಂಧುಗಳಿಗೂ 20ಕ್ಕೆ ಒಂದು ಎಂಬ ಲೆಕ್ಕವೇ ಇದೆ. ಅಂದ ಮೇಲೆ ಹೆರಿಗೆಗೆ ಹದಿನೈದು ದಿನ ಊರಿಗೆ ಹೋಗಿ ಬರುವುದು ಧನಿಗಳ ದಾನವಲ್ಲ, ನಾವು ದುಡಿದು ಗಳಿಸಿಟ್ಟ ದಿನಗಳು. ನಮ್ಮ ಹೊಟೇಲುಗಳಲ್ಲಿ ಎಷ್ಟೋ ಕಡೆ ಹುಡುಗನ ಹೆಸರು ಹಾಜರಿ ಪುಸ್ತಕದಲ್ಲೇ ಇರುವುದಿಲ್ಲ, ಊರಿಗೆ ಹೋದ ದಿನಗಳನ್ನೆಲ್ಲ ಖಾಡೆ ಎಂದು ಪಗಾರದಿಂದ ಕಳೆಯುತ್ತಾರೆ. ಮೊದಲು ಹೆಸರು ಪುಸ್ತಕಕ್ಕೆ ಏರಲಿ. ಅದಕ್ಕಾಗಿ ಜಗಳವಾಡಬೇಕಾದರೆ ಸಂಘ ನಿಮ್ಮ ಬೆನ್ನಿಗಿದೆ.

ಧನಿಗಳ ಕಷ್ಟವನ್ನೂ ಕೇಳಬೇಕು. ಆರು ಜನರಿರುವ ಸಣ್ಣ ಹೊಟೇಲಿನಲ್ಲಿ ಒಬ್ಬ ಸಪ್ಲೈಯರ್ ಹದಿನೈದು ದಿನ ಇಲ್ಲದಿದ್ದರೆ ಉಳಿದವರ ಬೆನ್ನು ಮುರಿಯುತ್ತದೆ ಎಂಬುದು ಸುಳ್ಳಲ್ಲ, ಅಲ್ಲಿ ಧನಿಗಳೂ ಸೊಂಟಕ್ಕೆ ಪಂಚೆ ಬಿಗಿದು ದುಡಿಯುವವರೇ. ಇದಕ್ಕೆ ಗಿರಣಿಯ ಹಳಬರು ಒಂದು ದಾರಿ ತೋರಿಸಿದ್ದಾರೆ. 1982ರ ಜನವರಿ 18ರಂದು ಆರಂಭವಾದ ದೊಡ್ಡ ಮುಷ್ಕರಕ್ಕೆ ಮುಂಚೆ ಗಿರಣಿಗಳಲ್ಲಿ ಬದಲಿ ಕಾಮಗಾರರು ಇರುತ್ತಿದ್ದರು, ಕಾಯಂ ಕಾಮಗಾರ ಬಾರದ ದಿನ ಅವನ ಸಾಂಚೆಯ ಮೇಲೆ ಬದಲಿ ನಿಲ್ಲುತ್ತಿದ್ದ. ಬದಲಿಗಳಿಗೆ ಆ ಪದ್ಧತಿಯಲ್ಲಿ ಆದ ಅನ್ಯಾಯ ಬೇರೆಯೇ ಮಾತು. ಆದರೆ ಸಂಘವೇ ಒಂದು ಬದಲಿ ಪಟ್ಟಿ ಇಟ್ಟರೆ ಹೇಗೆ? ಕೆಲಸ ಬಿಟ್ಟು ಕುಳಿತವರು, ಹೊಸದಾಗಿ ಊರಿನಿಂದ ಬಂದವರು ಹೆಸರು ಕೊಡಲಿ. ಯಾರ ಮನೆಯಲ್ಲಿ ಹೆರಿಗೆಯೋ ಅವರ ಜಾಗದಲ್ಲಿ ಹದಿನೈದು ದಿನ ಅವರು ನಿಲ್ಲಲಿ, ಪೂರಾ ಪಗಾರ ಪಡೆಯಲಿ. ಮರಳಿ ಬಂದವನಿಗೆ ಅವನ ಜಾಗ ಹಾಗೆಯೇ ಸಿಗಬೇಕು, ಇದು ಮೊದಲ ಷರತ್ತು. ಕೆಲಸ ಹೋಗುತ್ತದೆಂಬ ಹೆದರಿಕೆಯೇ ಅನೇಕರನ್ನು ರಜೆ ಕೇಳದಂತೆ ಮಾಡಿರುವುದು.

ರಜೆ ಯಾವಾಗ ತೆಗೆದುಕೊಳ್ಳಬೇಕು ಎಂಬುದರಲ್ಲೂ ಬುದ್ಧಿ ಉಪಯೋಗಿಸಬೇಕು. ಡಾಕ್ಟರು ಕೊಡುವ ತಾರೀಖು ಎಂದರೆ ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನ ಎಣಿಸಿದ ಲೆಕ್ಕ. ಅದೇ ದಿನಕ್ಕೆ ಹುಟ್ಟುವ ಮಕ್ಕಳು ಕಡಿಮೆ. 37 ವಾರ ತುಂಬಿದ ಮೇಲೆ ಯಾವಾಗ ಬೇಕಾದರೂ ಆಗಬಹುದು, ತಾರೀಖು ದಾಟಿಯೂ ಆಗಬಹುದು. ತಾರೀಖಿಗೆ ಹತ್ತು ದಿನ ಮುಂಚೆ ಹೋಗಿ ಮಾವನ ಮನೆಯ ಜಗಲಿಯಲ್ಲಿ ಕಾದು ಕುಳಿತು, ಮಗು ಹುಟ್ಟಿದ ಮೂರನೆಯ ದಿನಕ್ಕೆ ರೈಲು ಹತ್ತುವವರಿದ್ದಾರೆ. ನಮ್ಮ ಅಭಿಪ್ರಾಯದಲ್ಲಿ ಹೆಚ್ಚಿನ ದಿನಗಳನ್ನು ಹೆರಿಗೆಯ ನಂತರಕ್ಕೆ ಉಳಿಸುವುದೇ ಲೇಸು, ತಾಯಿಗೂ ಕೂಸಿಗೂ ನೀವು ಬೇಕಾಗುವುದು ಆಗಲೇ. ಐದಾರನೆಯ ತಿಂಗಳಲ್ಲಿ ಎರಡು ದಿನ ಸಾಂದರ್ಭಿಕ ರಜೆ ಹಾಕಿ ಒಂದು ತಪಾಸಣೆಗಾದರೂ ಜೊತೆಯಲ್ಲಿ ಹೋಗಿ ಬನ್ನಿ, ಡಾಕ್ಟರ ಮುಖ ನೋಡಿ ಬನ್ನಿ. ಕೊಂಕಣ ರೈಲು 1998ರಲ್ಲಿ ಪೂರ್ತಿ ಆರಂಭವಾದ ಮೇಲೆ ಕರಾವಳಿಯವರಿಗೆ ಊರು ಒಂದು ರಾತ್ರಿಯ ದಾರಿಯಾಗಿದೆ. 2024ರ ನವೆಂಬರಿನಿಂದ ಟಿಕೇಟು 60 ದಿನ ಮುಂಚೆ ಮಾತ್ರ ಸಿಗುತ್ತದೆ. ಏಳನೆಯ ತಿಂಗಳು ತುಂಬುವಾಗ ಆ ಲೆಕ್ಕ ಹಾಕಿ, ತಾರೀಖಿನ ವಾರದ್ದೊಂದು ಟಿಕೇಟು ತೆಗೆದಿಡಿ. ರದ್ದಾದರೆ ಸ್ವಲ್ಪ ಹಣ ಹೋಗುತ್ತದೆ, ಹೋಗಲಿ.

ಇನ್ನು ಹಣ. ಹೆರಿಗೆಗೆಂದು ಧನಿಗಳಲ್ಲಿ ಮುಂಗಡ ಪಡೆದು, ಆ ಮುಂಗಡ ತೀರುವವರೆಗೆ ಅದೇ ಹೊಟೇಲಿನಲ್ಲಿ ಕಟ್ಟುಬಿದ್ದವರನ್ನು ಪ್ರತಿಯೊಬ್ಬರೂ ಕಂಡಿದ್ದೇವೆ. ನೂರಕ್ಕೆ ತಿಂಗಳಿಗೆ ಐದು ರೂಪಾಯಿ ಬಡ್ಡಿಯ ಸಾಲ ತಂದವರೂ ಇದ್ದಾರೆ. ಸುದ್ದಿ ತಿಳಿದ ತಿಂಗಳಿನಿಂದಲೇ 1,500 ರೂಪಾಯಿಯಂತೆ ಬೇರೆಯಾಗಿ ಇಟ್ಟರೆ ಆರು ತಿಂಗಳಿಗೆ 9,000 ಆಗುತ್ತದೆ. ಟಿಪ್ಸು ಪೂರಾ ಆ ಡಬ್ಬಿಗೆ ಹಾಕುವುದೆಂದು ಒಬ್ಬ ಮಿತ್ರರು ವ್ರತ ಹಿಡಿದಿದ್ದರು, ಒಳ್ಳೆಯ ವ್ರತ. ಬೀಡಿ, ಗುಟ್ಕಾ, ಶನಿವಾರದ ಬಾಟಲಿ ಇವುಗಳ ಬಗ್ಗೆ ನಾವು ಉಪದೇಶ ಮಾಡುವುದಿಲ್ಲ, ಒಂದು ತಿಂಗಳ ಲೆಕ್ಕ ಬರೆದು ನೀವೇ ಕೂಡಿಸಿ ನೋಡಿ.

ಆದರೆ ಖರ್ಚೇ ಇಲ್ಲದೆ ಸಿಗುವುದಕ್ಕೆ ಸಾಲ ಮಾಡುವುದೇಕೆ? ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಪೂರ್ತಿ ಉಚಿತವೆಂದು 2011ರಿಂದಲೇ ನಿಯಮವಿದೆ. ಹೊಟ್ಟೆ ಕೊಯ್ದು ಮಾಡುವ ಹೆರಿಗೆಯೂ ಉಚಿತ. ಔಷಧ, ತಪಾಸಣೆ, ರಕ್ತ, ಸಹಜ ಹೆರಿಗೆಗೆ 3 ದಿನದ ಊಟ, ಆಪರೇಷನ್ನಿಗೆ 7 ದಿನದ ಊಟ, ಮನೆಯಿಂದ ಆಸ್ಪತ್ರೆಗೆ ಹೋಗಲು ವಾಹನ, ಮರಳಿ ಮನೆಗೆ ಬಿಡಲು ವಾಹನ, ಯಾವುದಕ್ಕೂ ಕಾಸು ಕೊಡಬೇಕಾಗಿಲ್ಲ. ಪ್ರತಿ ತಿಂಗಳ 9ನೇ ತಾರೀಖು ಸರಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಡಾಕ್ಟರರಿಂದ ಉಚಿತ ತಪಾಸಣೆ ನಡೆಯುತ್ತದೆ, ಇದು 2016ರಿಂದ ಬಂದದ್ದು. ಮೊದಲ ಮಗುವಿಗೆ ಮಾತೃ ವಂದನಾ ಯೋಜನೆಯಲ್ಲಿ ಅರ್ಹರಾದ ತಾಯಂದಿರಿಗೆ 5,000 ರೂಪಾಯಿ ಎರಡು ಕಂತಿನಲ್ಲಿ ಬರುತ್ತದೆ. ಬಸುರನ್ನು ದಾಖಲಿಸಿ ತಪಾಸಣೆ ಮಾಡಿಸಿದ ಮೇಲೆ 3,000, ಮಗುವಿನ ಜನನ ನೋಂದಣಿಯಾಗಿ ಮೊದಲ ಸುತ್ತಿನ ಚುಚ್ಚುಮದ್ದು ಮುಗಿದ ಮೇಲೆ 2,000. ಅರ್ಜಿ ಕೊಡುವುದು ಅಂಗನವಾಡಿಯಲ್ಲಿ. ಊರಿನ ಆಶಾ ಕಾರ್ಯಕರ್ತೆಯ ಮೊಬೈಲ್ ನಂಬರು ಹೆಂಡತಿಯ ಬಳಿ ಇದ್ದರೆ ಸಾಲದು, ನಿಮ್ಮ ಮೊಬೈಲಿನಲ್ಲೂ ಇರಲಿ.

ಇ.ಎಸ್.ಐ. ಬಗ್ಗೆ ಎರಡು ಮಾತು ಹೆಚ್ಚಾಗಿಯೇ ಹೇಳಬೇಕು. 10 ಅಥವಾ ಹೆಚ್ಚು ಜನ ದುಡಿಯುವ ಹೊಟೇಲಿನಲ್ಲಿ, ತಿಂಗಳಿಗೆ 21,000 ರೂಪಾಯಿಯವರೆಗೆ ಪಗಾರ ಪಡೆಯುವವರಿಗೆ ಅದು ಸಿಗಬೇಕು. ನಮ್ಮ ಪಗಾರದಿಂದ ನೂರಕ್ಕೆ ಮುಕ್ಕಾಲು ರೂಪಾಯಿ, ಮಾಲಕರಿಂದ ಮೂರೂಕಾಲು ರೂಪಾಯಿ ತುಂಬಬೇಕು. 16,000 ಪಗಾರದವನಿಗೆ ಹೋಗುವುದು 120 ರೂಪಾಯಿ, ಮಾಲಕರು ಕೊಡುವುದು 520. ಇದರಿಂದ ನಿಮಗಷ್ಟೇ ಅಲ್ಲ, ಹೆಂಡತಿಗೂ ಬಸುರು, ಹೆರಿಗೆ, ಬಾಣಂತನದ ಚಿಕಿತ್ಸೆ ದೊರೆಯುತ್ತದೆ. ಆಕೆ ಊರಿನಲ್ಲೇ ಇದ್ದರೂ ಸರಿ, ಕುಟುಂಬದವರು ಬೇರೆ ಊರಿನಲ್ಲಿದ್ದಾರೆಂದು ಬರೆಯಿಸಿ ಅಲ್ಲಿನ ಇ.ಎಸ್.ಐ. ದವಾಖಾನೆಗೆ ಹೆಸರು ಹಾಕಿಸಬಹುದು. ಮದುವೆಯಾಗಿ ವರ್ಷವಾದರೂ ಕಾರ್ಡಿನಲ್ಲಿ ಹೆಂಡತಿಯ ಹೆಸರು ಸೇರಿಸದ ಎಷ್ಟೋ ಮಂದಿಯನ್ನು ಸಂಘದ ಕಚೇರಿಯಲ್ಲಿ ಕಾಣುತ್ತೇವೆ. ಪಗಾರದಿಂದ ಕಳೆದ ಹಣ ನಿಜವಾಗಿ ತುಂಬಿದ್ದಾರೋ ಇಲ್ಲವೋ ಎಂಬುದನ್ನೂ ನೋಡಿಕೊಳ್ಳಿ.

ಹೆಸರಿನ ಮಾತು ಬಂದಾಗ ಇನ್ನೊಂದು ನೆನಪಾಗುತ್ತದೆ. ಸಣ್ಣವರಾಗಿದ್ದಾಗ ಓಡಿಬಂದ ನಮ್ಮಲ್ಲಿ ಅನೇಕರಿಗೆ ಮನೆಯವರು ಇಟ್ಟದ್ದೊಂದು ಹೆಸರು, ಹೊಟೇಲಿನಲ್ಲಿ ಕೂಗಿದ್ದೊಂದು ಹೆಸರು. ಕೊನೆಗೆ ಆಧಾರಿನಲ್ಲಿ ಒಂದು, ಇ.ಎಸ್.ಐ.ನಲ್ಲಿ ಒಂದು, ಮದುವೆಯ ಕಾಗದದಲ್ಲಿ ಮೂರನೆಯದು. ನಕ್ಕುಬಿಡುವ ವಿಷಯವಲ್ಲ ಇದು. ಮಗುವಿನ ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು, ಅದಕ್ಕೆ ಶುಲ್ಕವಿಲ್ಲ, ಮತ್ತು ಮಗು ಹುಟ್ಟಿದ ಊರಿನಲ್ಲೇ ಅದು ಆಗಬೇಕು. ಮಗುವಿಗೆ ಹೆಸರು ಇನ್ನೂ ಇಟ್ಟಿಲ್ಲವಾದರೆ ಹನ್ನೆರಡು ತಿಂಗಳೊಳಗೆ ಉಚಿತವಾಗಿ ಸೇರಿಸಬಹುದು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆಗೆ ಸೇರುವುದರಿಂದ ಹಿಡಿದು ಎಲ್ಲಕ್ಕೂ ಹುಟ್ಟಿದ ದಿನದ ಆಧಾರ ಜನನ ಪ್ರಮಾಣಪತ್ರವೇ. ಅದರಲ್ಲಿ ತಂದೆಯ ಹೆಸರು ತಪ್ಪಾದರೆ ಮಗ ಮದುವೆಯಾಗುವವರೆಗೂ ಕಚೇರಿ ಅಲೆಯಬೇಕಾದೀತು. ಈ ಆರು ತಿಂಗಳಲ್ಲಿ ನಿಮ್ಮ ಹೆಸರನ್ನು ಎಲ್ಲ ಕಾಗದಗಳಲ್ಲಿ ಒಂದೇ ರೀತಿ ಮಾಡಿಕೊಳ್ಳಿ.

ದೂರದಲ್ಲಿರುವ ಗಂಡ ಏನು ತಾನೇ ನೋಡಿಕೊಳ್ಳಬಲ್ಲ ಎಂದು ಕೇಳಬೇಡಿ. ದಿನಾ ಫೋನು ಮಾಡುತ್ತೀರಲ್ಲ, "ಊಟ ಆಯಿತಾ" ಎಂಬುದರ ಜೊತೆಗೆ ಕಬ್ಬಿಣದ ಮಾತ್ರೆ ನುಂಗಿದೆಯಾ ಎಂದು ಕೇಳಿ. ಅದನ್ನು ಬಸುರಿನಲ್ಲಿ 180 ದಿನ ತಪ್ಪದೆ ನುಂಗಬೇಕು, ಬಾಣಂತಿಯಾದ ಮೇಲೆ ಮತ್ತೆ 180 ದಿನ. ಚಹಾದ ಜೊತೆ ನುಂಗಿದರೆ ಅದರ ಗುಣ ಮೈಗೆ ಹತ್ತುವುದು ಕಡಿಮೆ. ಕನಿಷ್ಠ ನಾಲ್ಕು ತಪಾಸಣೆಯಾಗಬೇಕು. ಆಕೆಯ ರಕ್ತದ ಗುಂಪು ಯಾವುದೆಂದು ನಿಮಗೆ ಗೊತ್ತಿರಬೇಕು, ಏಕೆಂದರೆ ತಾಯಿಯದು ನೆಗೆಟಿವ್ ಇದ್ದು ಮಗುವಿನದು ಪಾಸಿಟಿವ್ ಆದರೆ ಹೆರಿಗೆಯಾದ 72 ಗಂಟೆಯೊಳಗೆ ಒಂದು ಇಂಜೆಕ್ಷನ್ ಬೇಕಾಗುತ್ತದೆ, ಅದು ತಪ್ಪಿದರೆ ಮುಂದಿನ ಮಗುವಿಗೆ ಅಪಾಯ. ನಮ್ಮ ಕಡೆ ಅನೇಕ ಹೆಂಗಸರು ಬೀಡಿ ಕಟ್ಟಿ ಮನೆ ನಡೆಸುತ್ತಾರೆ. ಮಡಿಲಲ್ಲಿ ಮೊರ ಇಟ್ಟುಕೊಂಡು ದಿನವಿಡೀ ಹೊಗೆಸೊಪ್ಪಿನ ಪುಡಿ ಉಸಿರಾಡುವುದು ಹೊಟ್ಟೆಯ ಕೂಸಿಗೆ ಒಳ್ಳೆಯದಲ್ಲ. ಆ ಕೆಲವು ತಿಂಗಳು ಬೀಡಿಯ ಸಂಪಾದನೆ ನಿಂತರೂ ಮನೆ ನಡೆಯುವಷ್ಟು ಕಳುಹಿಸಲು ಸಾಧ್ಯವೇ ಎಂದು ಲೆಕ್ಕ ಹಾಕಿ.

ಕೆಲವು ಗುರುತುಗಳನ್ನು ಮಾತ್ರ ಬಾಯಿಪಾಠ ಮಾಡಿಕೊಳ್ಳಿ. ರಕ್ತ ಹೋಗುವುದು, ತೀವ್ರ ತಲೆನೋವಿನ ಜೊತೆ ಕಣ್ಣು ಮಂಜಾಗುವುದು, ಮುಖ ಕೈ ಬಾತುಕೊಳ್ಳುವುದು, ಜ್ವರ, ಫಿಟ್ಸು, ನೋವಿಲ್ಲದೆ ನೀರು ಒಡೆಯುವುದು, ಮಗುವಿನ ಒದೆತ ಕಡಿಮೆಯಾಗುವುದು. ಇದರಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯಬಾರದು, 108ಕ್ಕೆ ಕರೆ ಮಾಡಬೇಕು. ಅತ್ತೆಯವರು "ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ" ಎಂದಾರು. ಅವರ ಕಾಲದಲ್ಲಿ ಎಷ್ಟು ಬಾಣಂತಿಯರು ತೀರಿಹೋದರು ಎಂಬುದನ್ನೂ ಅವರೇ ಬಲ್ಲರು, ಮೆಲ್ಲಗೆ ಕೇಳಿದರೆ ಹೇಳುತ್ತಾರೆ. ರಾತ್ರಿ ಕರೆದೊಯ್ಯಲು ಪಕ್ಕದ ಮನೆಯ ರಿಕ್ಷಾದವನಿಗೆ ಮೊದಲೇ ಹೇಳಿಡಿ, 108 ತಡವಾದರೆ ಬೇಕಾಗುತ್ತದೆ. ಆಪರೇಷನ್ ಬೇಕೆಂದಾಗ ಗಂಡನ ಸಹಿ ಇಲ್ಲವೆಂದು ಕಾಯುತ್ತ ಕುಳಿತುಕೊಳ್ಳುವುದೂ ಬೇಡ, ಪ್ರಾಯಕ್ಕೆ ಬಂದ ಹೆಂಗಸಿನ ಸ್ವಂತ ಒಪ್ಪಿಗೆ ಸಾಕು. ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಎಂದು ಕೇಳುವುದು, ಹೇಳುವುದು 1994ರ ಕಾನೂನಿನಂತೆ ಅಪರಾಧ.

ಹೆಂಡತಿ ಇಲ್ಲಿಯೇ ಚಾಳಿನ ಖೋಲಿಯಲ್ಲಿ ಜೊತೆಗಿದ್ದರೆ, ಊರಿಗೆ ಕಳುಹಿಸಲೇಬೇಕೆಂದಿಲ್ಲ. ಮಹಾನಗರಪಾಲಿಕೆಯ ಹೆರಿಗೆ ಆಸ್ಪತ್ರೆಗಳು ಹತ್ತಿರದಲ್ಲೇ ಇವೆ, ಕೆ.ಇ.ಎಂ., ಸಯನ್, ನಾಯರ್‌ನಂಥ ದೊಡ್ಡ ಆಸ್ಪತ್ರೆಗಳಿವೆ. ಆರಂಭದ ತಿಂಗಳಲ್ಲೇ ಹೆಸರು ನೋಂದಾಯಿಸಿ. ಒಂಬತ್ತನೆಯ ತಿಂಗಳಲ್ಲಿ ರೈಲಿನಲ್ಲಿ ಕುಲುಕಾಡಿಸಿ ಕಳುಹಿಸುವುದಂತೂ ಬೇಡವೇ ಬೇಡ.

ತೊಟ್ಟಿಲು, ಬಟ್ಟೆ, ಹೆಸರು, ಜಾತಕ ಇವುಗಳ ಬಗ್ಗೆ ಮನೆಯವರು ನೋಡಿಕೊಳ್ಳುತ್ತಾರೆ. ಹಳೆಯ ಮೆತ್ತನೆಯ ಹತ್ತಿ ಸೀರೆ ತೊಳೆದು ಬಿಸಿಲಲ್ಲಿ ಒಣಗಿಸಿ ಹರಿದಿಟ್ಟರೆ ಅಂಗಡಿಯ ಬಟ್ಟೆಗಿಂತ ಮೇಲು.

ಕೂಸು ಹುಟ್ಟಿದ ಮೇಲೆ ಮೊದಲ ಒಂದು ಗಂಟೆಯೊಳಗೆ ತಾಯಿಯ ಹಾಲು ಕೊಡಬೇಕು. ಆ ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲುವ ಪದ್ಧತಿ ಇನ್ನೂ ಕೆಲವು ಮನೆಗಳಲ್ಲಿದೆ, ನೀವು ಅಲ್ಲಿದ್ದರೆ ತಡೆಯಿರಿ. ಜೇನು, ಸಕ್ಕರೆ ನೀರು, ಬಜೆ ಯಾವುದೂ ಬೇಡ, ಆರು ತಿಂಗಳು ತಾಯಿಯ ಹಾಲಷ್ಟೇ ಸಾಕು. ಹೊಕ್ಕುಳಿಗೆ ಬೂದಿ, ಎಣ್ಣೆ ಹಚ್ಚಬಾರದು. ಮೊದಲ ದಿನವೇ ಎರೆಯುವ ಅವಸರವೂ ಬೇಡ. ಕ್ಷಯದ ಚುಚ್ಚುಮದ್ದು, ಪೋಲಿಯೋ ಹನಿ, ಹೆಪಟೈಟಿಸ್ ಬಿ ಚುಚ್ಚುಮದ್ದು ಆಸ್ಪತ್ರೆಯಿಂದ ಹೊರಡುವ ಮೊದಲೇ ಆಗಿದೆಯೇ ಎಂದು ಕಾರ್ಡು ನೋಡಿ, ಮುಂದಿನವು 6, 10 ಮತ್ತು 14ನೆಯ ವಾರಕ್ಕೆ. ಕೂಸು ಹಾಲು ಚೀಪದಿದ್ದರೆ, ಮೈ ಬಿಸಿಯಾದರೆ ಅಥವಾ ತಣ್ಣಗಾದರೆ, ಉಸಿರು ವೇಗವಾದರೆ, ಅಂಗೈ ಅಂಗಾಲಿನವರೆಗೆ ಹಳದಿ ಏರಿದರೆ ಕೂಡಲೇ ಆಸ್ಪತ್ರೆ.

ಆ ಹದಿನೈದು ದಿನ ನೀವು ಮಾಡುವ ಕೆಲಸವೇನು? ಹೆಂಗಸರ ಕೋಣೆ ಎಂದು ಬಾಗಿಲಲ್ಲಿ ನಿಲ್ಲಬೇಡಿ. ಕಡಿಮೆ ತೂಕದ ಕೂಸನ್ನು ಬರಿಯ ಎದೆಗೆ ಅಪ್ಪಿಕೊಂಡು ಮೇಲೆ ಬಟ್ಟೆ ಹೊದ್ದು ಕುಳಿತರೆ ಅದಕ್ಕೆ ಬೆಚ್ಚಗಾಗುತ್ತದೆ, ಅಪ್ಪನ ಎದೆಯೂ ಅದಕ್ಕೆ ಆಗುತ್ತದೆ ಎಂದು ಡಾಕ್ಟರರೇ ಹೇಳುತ್ತಾರೆ. ರಾತ್ರಿ ಕೂಸು ಅತ್ತಾಗ ಎತ್ತಿಕೊಂಡು ತಿರುಗಿ, ಬಾಣಂತಿ ಎರಡು ಗಂಟೆ ಕಣ್ಣು ಮುಚ್ಚಲಿ. ಬಟ್ಟೆ ಒಗೆಯಿರಿ. ನೂರು ಜನರ ಎಂಜಲು ಪ್ಲೇಟು ತೊಳೆದ ಕೈಗೆ ಸ್ವಂತ ಮಗುವಿನ ಬಟ್ಟೆ ಭಾರವೇ? ಕೆಲವು ತಾಯಂದಿರು ಹೆರಿಗೆಯಾದ ಮೇಲೆ ಕಾರಣವಿಲ್ಲದೆ ಅಳುತ್ತಾರೆ, ಊಟ ಬಿಡುತ್ತಾರೆ, ಮಗುವನ್ನು ನೋಡಲೊಲ್ಲರು. ಎರಡು ವಾರ ದಾಟಿಯೂ ಹಾಗಿದ್ದರೆ ಅದು ಕಾಯಿಲೆ, ಡಾಕ್ಟರರಿಗೆ ತೋರಿಸಬೇಕು. ಅದನ್ನು ಮೊದಲು ಗುರುತಿಸುವವನು ಆಕೆಯನ್ನು ಬಲ್ಲ ಗಂಡ, ಅವನು ಹತ್ತಿರವಿದ್ದರೆ.

ಸಂಘದ ಕಾರ್ಯಕಾರಿ ಸಮಿತಿಯ ಮುಂದೆ ಈ ಸಲ ಎರಡು ಠರಾವುಗಳನ್ನು ಇಡಲಿದ್ದೇವೆ. ಹೆರಿಗೆಗೆ ಊರಿಗೆ ಹೋಗುವ ಕೆಲಸಗಾರನಿಗೆ 15 ದಿನಗಳ ಸಂಬಳದ ರಜೆ ಕೊಟ್ಟು ಅವನ ಜಾಗ ಉಳಿಸಬೇಕೆಂದು ಹೊಟೇಲ್ ಮಾಲಕರನ್ನು ಬರವಣಿಗೆಯಲ್ಲಿ ಕೇಳುವುದು ಒಂದು, ಬದಲಿ ಪಟ್ಟಿ ಆರಂಭಿಸುವುದು ಇನ್ನೊಂದು. ಮುಂದಿನ ಆರು ತಿಂಗಳಲ್ಲಿ ಮನೆಯಲ್ಲಿ ಹೆರಿಗೆ ಇರುವ ಸದಸ್ಯರು ತಮ್ಮ ಹೆಸರು, ಹೊಟೇಲಿನ ಅಥವಾ ಗಿರಣಿಯ ಹೆಸರು, ಡಾಕ್ಟರು ಹೇಳಿದ ತಾರೀಖು ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಕಚೇರಿಗೆ ಕೊಡಬೇಕು. ಬರೆಯಲು ಬಾರದವರು ಬಾಯಲ್ಲಿ ಹೇಳಿದರೂ ಬರೆದುಕೊಳ್ಳುತ್ತೇವೆ. ಹೊಟೇಲು ಮುಚ್ಚಿದ ಮೇಲೆ ಬರುವವರಿಗಾಗಿ ಕಚೇರಿ ರಾತ್ರಿ ಹನ್ನೊಂದೂವರೆಯವರೆಗೆ ತೆರೆದಿರುತ್ತದೆ. ಬರುವಾಗ ಆಧಾರ್ ಮತ್ತು ಇ.ಎಸ್.ಐ. ಕಾರ್ಡು ತನ್ನಿ, ಹೆಸರು ಹೊಂದುತ್ತದೆಯೇ ಎಂದು ಅಲ್ಲಿಯೇ ನೋಡಿಬಿಡೋಣ.